ಒಂದು ಚರ್ಚು, ಇಬ್ಬರು ಯಜಮಾನರು

ಈ ದೇಶದಲ್ಲಿ ಮನೆ ಕೊಂಡ ನಮ್ಮ ಸಂಘದ ಸದಸ್ಯರೆಲ್ಲರೂ ಸಾಲಿಸಿಟರ್ ಕಳಿಸುವ ಬಿಲ್ಲನ್ನು ನೋಡಿಯೇ ಇರುತ್ತೀರಿ. ಅದರಲ್ಲಿ ಅದು ಇದು ಎಂದು ಹಲವಾರು ‘ಸರ್ಚ್’ಗಳ ಪಟ್ಟಿ ಇರುತ್ತದೆ. ನಮ್ಮ ಟಿವಿಡೇಲ್, ಟಿಪ್ಟನ್, ಓಲ್ಡ್‌ಬರಿ ಕಡೆ ಕಲ್ಲಿದ್ದಲು ಗಣಿಯ ಸರ್ಚ್ ತಪ್ಪದು. ಬ್ಲ್ಯಾಕ್ ಕಂಟ್ರಿಯ ನೆಲದಡಿ ಎಲ್ಲೆಲ್ಲಿ ಟೊಳ್ಳಿದೆಯೋ ನೋಡಿಕೊಳ್ಳಬೇಕಲ್ಲ! ಅದರ ಕೆಳಗೆ ಎಷ್ಟೋ ಸಲ ‘ಚಾನ್ಸೆಲ್ ಸರ್ಚ್’ ಎಂಬ ಇನ್ನೊಂದು ಸಾಲು ಇರುತ್ತದೆ. ಬಹಳ ಮಂದಿ ಅದೇನೆಂದು ಕೇಳದೆ ಚೆಕ್ ಬರೆದುಕೊಟ್ಟಿರುತ್ತೇವೆ. ಆ ಒಂದು ಸಾಲಿನ ಬೇರು ಎಂಟುನೂರು ವರ್ಷ ಹಿಂದಕ್ಕೆ, ಈ ದೇಶದ ಹಳ್ಳಿ ಹಳ್ಳಿಯಲ್ಲಿ ಕಾಣುವ ಕಲ್ಲಿನ ಚರ್ಚಿನ ಗೋಡೆಯೊಳಕ್ಕೆ ಹೋಗುತ್ತದೆ. ಆ ಚರ್ಚುಗಳನ್ನು ನಾವು ಕಾರಿನ ಕಿಟಕಿಯಿಂದ ದಿನವೂ ನೋಡುತ್ತೇವೆ, ಒಳಗೆ ಹೋಗುವುದು ಅಪರೂಪ. ಹೋದವರೂ “ಎಲ್ಲಾ ಒಂದೇ ಥರ ಇವೆ” ಎಂದು ಹೊರಬರುತ್ತಾರೆ. ಒಂದೇ ಥರ ಇಲ್ಲ. ಏಕಿಲ್ಲ ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ಕಟ್ಟಡದ ಅಂಗರಚನೆ. ಟಿವಿಡೇಲ್ ಎಂದರೆ ನಮ್ಮವರಿಗೆಲ್ಲ ನೆನಪಾಗುವುದು 2006ರ ಆಗಸ್ಟ್‌ನಲ್ಲಿ ಪ್ರತಿಷ್ಠೆಯಾದ ಬಾಲಾಜಿ ದೇವಸ್ಥಾನ. ಆದ್ದರಿಂದ ದೇವಸ್ಥಾನದ ಲೆಕ್ಕದಲ್ಲೇ ಹೇಳುವುದು ಸುಲಭ. ನಮ್ಮಲ್ಲಿ ಭಕ್ತರು ನಿಲ್ಲುವ ನವರಂಗ ಅಥವಾ ಮಂಟಪ, ಅದರಾಚೆ ಸುಕನಾಸಿ, ಅದರಾಚೆ ಅರ್ಚಕರು ಮಾತ್ರ ಹೋಗುವ ಗರ್ಭಗುಡಿ. ಇಂಗ್ಲೆಂಡಿನ ಮಧ್ಯಯುಗದ ಚರ್ಚಿನಲ್ಲೂ ಹಾಗೆಯೇ. ಜನ ನಿಲ್ಲುವ ದೊಡ್ಡ ಹಜಾರಕ್ಕೆ ನೇವ್ ಎಂದು ಹೆಸರು. ಅದರ ಎರಡು ಪಕ್ಕಕ್ಕೆ ಕಂಬಸಾಲಿನ ಆಚೆ ಇರುವ ತಗ್ಗಿನ ಓಣಿಗಳು ಐಲ್‌ಗಳು. ಪೂರ್ವದ ತುದಿಯಲ್ಲಿ ಸ್ವಲ್ಪ ಕಿರಿದಾದ, ಸ್ವಲ್ಪ ತಗ್ಗಾದ ಕೋಣೆಯೇ ಚಾನ್ಸೆಲ್. ಪೂಜಾಪೀಠ ಇರುವುದು ಅಲ್ಲಿ. ಎರಡರ ನಡುವೆ ಒಂದು ಕಮಾನು. ಆ ಕಮಾನಿನಡಿ ಹಿಂದೆ ಕೆತ್ತನೆಯ ಮರದ ಜಾಲರಿ ಇರುತ್ತಿತ್ತು, ಅದರ ಮೇಲೆ ಶಿಲುಬೆಗೇರಿದ ಕ್ರಿಸ್ತನ ದೊಡ್ಡ ವಿಗ್ರಹ. ಜನ ಈಚೆ, ಪಾದ್ರಿ ಆಚೆ. ಚಾನ್ಸೆಲ್‌ನ ದಕ್ಷಿಣ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲು ಕಂಡರೆ ಅದು ಪಾದ್ರಿ ನೇರವಾಗಿ ಒಳಬರುವ ದಾರಿ. ಜನರ ನಡುವೆ ಹಾದುಬರುವ ಅಗತ್ಯವೇ ಇರಲಿಲ್ಲ. ದಿಕ್ಕಿನಲ್ಲಿ ಮಾತ್ರ ನಮಗೂ ಅವರಿಗೂ ತಿರುವುಮುರುವು. ನಮ್ಮಲ್ಲಿ ಸಾಮಾನ್ಯವಾಗಿ ದೇವರು ಪೂರ್ವಕ್ಕೆ ಮುಖಮಾಡುತ್ತಾನೆ, ಭಕ್ತ ಪಶ್ಚಿಮಕ್ಕೆ. ಇಲ್ಲಿ ಭಕ್ತನೇ ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತಾನೆ.

ಇಷ್ಟು ಹೋಲಿಕೆ. ಇನ್ನು ನಮ್ಮಲ್ಲಿ ಇಲ್ಲದ ಒಂದು ಸಂಗತಿ. ಈ ಎರಡು ಭಾಗಗಳಿಗೆ ಇಬ್ಬರು ಯಜಮಾನರು. ಹದಿಮೂರನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಬಿಷಪ್ಪರು ಗಟ್ಟಿಮಾಡಿದ ಪದ್ಧತಿ ಇದು. ಚಾನ್ಸೆಲ್‌ನ ರಿಪೇರಿ ರೆಕ್ಟರ್‌ನದು, ನೇವ್‌ನ ರಿಪೇರಿ ಊರ ಜನರದು. ರೆಕ್ಟರ್ ಎಂದರೆ ಊರಿನ ಬೆಳೆ, ಹುಲ್ಲು, ಕುರಿಮರಿ, ಉಣ್ಣೆ ಎಲ್ಲದರ ಹತ್ತನೆಯ ಒಂದು ಪಾಲನ್ನು ಪಡೆಯುವ ಹಕ್ಕುದಾರ. ಪಾಲು ತೆಗೆದುಕೊಳ್ಳುವವನು ಗರ್ಭಗುಡಿಯ ಸೂರು ನೋಡಿಕೊಳ್ಳಲಿ, ಮಂಟಪ ಬಳಸುವವರು ಮಂಟಪದ ಸೂರು ನೋಡಿಕೊಳ್ಳಲಿ ಎಂಬ ನ್ಯಾಯ. ಒಂದೇ ಮಾಡಿನಡಿ ಎರಡು ಚೀಲದ ದುಡ್ಡು. ಈ ಸಣ್ಣ ವಿಷಯ ಗೊತ್ತಾದ ಮೇಲೆ ಇಂಗ್ಲೆಂಡಿನ ಹಳೆಯ ಚರ್ಚು ಬೇರೆಯಾಗಿಯೇ ಕಾಣುತ್ತದೆ. ಚಾನ್ಸೆಲ್ ಹಳೆಯದಾಗಿ, ಕುಳ್ಳಾಗಿ ಉಳಿದು ನೇವ್ ಎತ್ತರಕ್ಕೆ ಬೆಳೆದಿದ್ದರೆ ಒಂದು ಕಥೆ. ಚಾನ್ಸೆಲ್ ಭರ್ಜರಿಯಾಗಿದ್ದು ನೇವ್ ಬಡವಾಗಿದ್ದರೆ ಇನ್ನೊಂದು ಕಥೆ.

ಟಿವಿಡೇಲ್‌ಗೆ ಮಧ್ಯಯುಗದ ಚರ್ಚಿಲ್ಲ. ಇದು ಹಿಂದೆ ರೌಲಿ ರೀಜಿಸ್‌ಗೆ ಸೇರಿದ ಸೀಮೆ. ರೌಲಿಯ ಗುಡ್ಡದ ಮೇಲಿನ ಸೇಂಟ್ ಜೈಲ್ಸ್ ಚರ್ಚಿನ ಮೂಲ ಸುಮಾರು 1200ನೆಯ ಇಸವಿಯಷ್ಟು ಹಳೆಯದು, ಆದರೆ ಆ ಕಟ್ಟಡ ಉಳಿದಿಲ್ಲ. 1840ರ ಸುಮಾರಿಗೆ ಹೊಸದು ಕಟ್ಟಿದರು, 1904ರಲ್ಲಿ ಮತ್ತೊಂದು ಬಂತು, ಅದೂ 1913ರಲ್ಲಿ ಬೆಂಕಿಗೆ ಬಲಿಯಾಯಿತು. ಈಗ ನಿಂತಿರುವುದು 1923ರದು. ಆದ್ದರಿಂದ ನಿಜವಾದ ಹಳೆಯ ಕಲ್ಲನ್ನು ನೋಡಬೇಕಾದರೆ ಗುಡ್ಡ ದಾಟಿ ಆಚೆಗಿಳಿಯಬೇಕು. ನಾಲ್ಕೈದು ಮೈಲಿಯಾಚೆ ಹೇಲ್ಸ್‌ಓವನ್ ಊರಿನ ನಡುವೆ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚಿದೆ. ಶನಿವಾರ ಅಲ್ಲಿ ಅಂಗಡಿಗೆ ಹೋಗುವವರು ಅದರ ಮೊನಚು ಶಿಖರ ನೋಡಿರುತ್ತೀರಿ.

ಅಲ್ಲಿಗೆ ಹೋಗುವ ಮುಂಚೆ ಕಟ್ಟಡದ ವಯಸ್ಸು ಹೇಳುವುದು ಹೇಗೆಂದು ತಿಳಿಯಬೇಕಲ್ಲ. ಈ ವಿದ್ಯೆಯನ್ನು ಎಲ್ಲರ ಕೈಗೆ ಸಿಗುವಂತೆ ಮಾಡಿದಾತ ಒಬ್ಬ ವೈದ್ಯ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಆತ 1776ರಲ್ಲಿ ಹುಟ್ಟಿದ ಥಾಮಸ್ ರಿಕ್‌ಮನ್. ತಂದೆಯ ಬಳಿ ವೈದ್ಯ ಕಲಿತು, ಸಸೆಕ್ಸ್‌ನ ಲೂಯಿಸ್ ಊರಿನಲ್ಲಿ ಕೆಲಕಾಲ ಪ್ರಾಕ್ಟೀಸು ಮಾಡಿದ. ಅದು ಹಿಡಿಸಲಿಲ್ಲ. ದವಸದ ವ್ಯಾಪಾರಕ್ಕಿಳಿದ, ಅದೂ ಹತ್ತಲಿಲ್ಲ. ಕೊನೆಗೆ ಲಿವರ್‌ಪೂಲಿನಲ್ಲಿ ವಿಮೆ ವ್ಯವಹಾರದ ಗುಮಾಸ್ತನಾದ. ಈ ನಡುವೆ ಮೊದಲ ಹೆಂಡತಿ ತೀರಿಕೊಂಡಳು. ದುಃಖ ಮರೆಯಲು ಊರೂರು ನಡೆದು ಹಳೆಯ ಚರ್ಚುಗಳ ಚಿತ್ರ ಬರೆಯುತ್ತಾ ಅಳತೆ ತೆಗೆಯುತ್ತಾ ಹೋದವನು 1817ರಲ್ಲಿ ಇಂಗ್ಲೆಂಡಿನ ವಾಸ್ತುಶೈಲಿಗಳನ್ನು ವಿಂಗಡಿಸುವ ಒಂದು ಪುಸ್ತಕ ತಂದ. ಇಂದಿಗೂ ಎಲ್ಲರೂ ಬಳಸುವ ನಾಲ್ಕು ಹೆಸರು ಅವನವು: ನಾರ್ಮನ್, ಅರ್ಲಿ ಇಂಗ್ಲಿಷ್, ಡೆಕೊರೇಟೆಡ್, ಪರ್ಪೆಂಡಿಕ್ಯುಲರ್. ರೋಗಲಕ್ಷಣ ನೋಡಿ ರೋಗದ ಹೆಸರು ಹೇಳುವುದನ್ನು ಕಲಿತವನು ಕಿಟಕಿಯ ಆಕಾರ ನೋಡಿ ಕಾಲ ಹೇಳುವುದನ್ನು ಕಲಿಸಿದ. ಅವನು ಗೆರೆ ಎಳೆದದ್ದು 1189, 1307, 1377 ಎಂಬ ಇಸವಿಗಳಲ್ಲಿ. ಈ ಮೂರೂ ಒಬ್ಬೊಬ್ಬ ರಾಜ ಸತ್ತ ವರ್ಷಗಳು. ರಾಜ ಸತ್ತನೆಂದು ಮೇಸ್ತ್ರಿಗಳು ಮರುದಿನ ಶೈಲಿ ಬದಲಿಸುವುದಿಲ್ಲ, ಅದು ಬೇರೆ ಮಾತು.

ಲಕ್ಷಣಗಳು ಸುಲಭ. ದಪ್ಪ ಗೋಡೆ, ಗುಂಡು ಕಂಬ, ಅರ್ಧವೃತ್ತದ ಕಮಾನು, ಬಾಗಿಲಿನ ಸುತ್ತ ಗರಗಸದ ಹಲ್ಲಿನಂಥ ಕೆತ್ತನೆ ಇದ್ದರೆ ನಾರ್ಮನ್, ಅಂದರೆ ಹನ್ನೆರಡನೆಯ ಶತಮಾನ. ಕಮಾನು ಚೂಪಾಗಿ, ಕಿಟಕಿ ಈಟಿಯ ಮೊನೆಯಂತೆ ಕಿರಿದಾಗಿ ನೀಳವಾಗಿದ್ದರೆ ಅರ್ಲಿ ಇಂಗ್ಲಿಷ್. ಕಿಟಕಿ ಅಗಲವಾಗಿ ಮೇಲೆ ಕಲ್ಲಿನ ಬಳ್ಳಿಯಂಥ ಜಾಲರಿ ಹೆಣೆದಿದ್ದರೆ ಡೆಕೊರೇಟೆಡ್. ಆ ಜಾಲರಿ ನೇರ ನಿಂತ ಕಂಬಿಗಳಾಗಿ, ಗೋಡೆಗಿಂತ ಗಾಜೇ ಹೆಚ್ಚಾಗಿದ್ದರೆ ಪರ್ಪೆಂಡಿಕ್ಯುಲರ್.

ಕಮಾನಿನ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು, ಏಕೆಂದರೆ ನಮ್ಮ ಕಣ್ಣಿಗೆ ಇದು ಹೊಸದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ, ಇಲ್ಲಿ ನಾರ್ಮನ್ ಚರ್ಚುಗಳು ಏಳುತ್ತಿದ್ದ ಕಾಲ. ಆದರೆ ಹೊಯ್ಸಳರ ಗುಡಿಯಲ್ಲಿ ಭಾರ ಹೊರುವ ನಿಜವಾದ ಕಮಾನಿಲ್ಲ. ಕಂಬ ನಿಲ್ಲಿಸು, ಮೇಲೆ ತೊಲೆ ಮಲಗಿಸು, ತೊಲೆಯ ಮೇಲೆ ಚಪ್ಪಡಿ. ಭಾರವೆಲ್ಲ ನೇರ ಕೆಳಕ್ಕೆ ಇಳಿಯುತ್ತದೆ. ಕಲ್ಲಿನ ತೊಲೆ ತುಂಬ ಉದ್ದವಾದರೆ ನಡುವೆ ಬಿರಿಯುತ್ತದೆ, ಹಾಗಾಗಿ ಕಂಬಗಳು ಹತ್ತಿರ ಹತ್ತಿರ. ನವರಂಗದ ಒಂಬತ್ತು ಅಂಕಣ ಹುಟ್ಟುವುದು ಹೀಗೆ. ಕಮಾನಿನಲ್ಲಿ ಸಣ್ಣ ಸಣ್ಣ ಕಲ್ಲು ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ. ದೊಡ್ಡ ತೊಲೆ ಬೇಕಿಲ್ಲ, ಅಗಲವಾದ ಜಾಗ ದಾಟಬಹುದು. ಆದರೆ ಅದಕ್ಕೊಂದು ಬೆಲೆ ಇದೆ. ಒತ್ತಡ ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ಹೋಗುತ್ತದೆ. ಅರ್ಧವೃತ್ತದ ಕಮಾನು ಪಕ್ಕಕ್ಕೆ ಜೋರಾಗಿ ತಳ್ಳುತ್ತದೆ. ಅದನ್ನು ತಡೆಯಲು ನಾರ್ಮನ್ ಮೇಸ್ತ್ರಿ ಗೋಡೆಯನ್ನೇ ದಪ್ಪ ಮಾಡಿದ. ಎರಡು ಪಕ್ಕ ಕೆತ್ತಿದ ಕಲ್ಲು, ನಡುವೆ ಗಾರೆ ಮತ್ತು ಜಲ್ಲಿಯ ತುಂಬು. ಚೂಪು ಕಮಾನಿನಲ್ಲಿ ಒತ್ತಡ ಹೆಚ್ಚು ನೆಟ್ಟಗೆ ಕೆಳಕ್ಕಿಳಿಯುತ್ತದೆ. ಅಗಲ ಎಷ್ಟೇ ಇರಲಿ ಎತ್ತರವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ಉಳಿದ ಪಕ್ಕದ ತಳ್ಳನ್ನು ತಡೆಯಲು ಹೊರಗಿನಿಂದ ಊರೆಗೋಲಿನಂತೆ ಬಟ್ರೆಸ್ ಕಟ್ಟಿದರು. ಆಗ ನಡುವಿನ ಗೋಡೆಗೆ ಕೆಲಸ ಕಡಿಮೆಯಾಯಿತು, ಅದನ್ನು ಕೊರೆದು ದೊಡ್ಡ ಕಿಟಕಿ ಇಟ್ಟರು. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಈ ದೇಶದಲ್ಲಿ ಬೆಳಕಿಗಾಗಿ ಇಷ್ಟು ಒದ್ದಾಡಿದ್ದು ನ್ಯಾಯವೇ. ನಮ್ಮಲ್ಲಿ ಬಿಸಿಲು ತಪ್ಪಿಸಲು ಗುಡಿ ಕಟ್ಟಿದರು, ಇಲ್ಲಿ ಬಿಸಿಲು ಹಿಡಿಯಲು.

ಈಗ ಹೇಲ್ಸ್‌ಓವನ್. 1086ರ ಡೂಮ್ಸ್‌ಡೇ ಪುಸ್ತಕದಲ್ಲಿ ಇದು ಶ್ರೂಸ್‌ಬರಿಯ ಅರ್ಲ್ ರಾಜರ್ ಡಿ ಮಾಂಟ್‌ಗಾಮರಿಯ ಊರು, ಆಗಲೇ ಇಲ್ಲಿ ಇಬ್ಬರು ಪಾದ್ರಿಗಳಿದ್ದರು. ಅವನು ಶ್ರಾಪ್‌ಶೈರಿನವನಾದ್ದರಿಂದ ಈ ಊರೂ, ಸುತ್ತ ವುಸ್ಟರ್‌ಶೈರೂ ಸ್ಟಾಫರ್ಡ್‌ಶೈರೂ ಇದ್ದರೂ, 1844ರವರೆಗೆ ಶ್ರಾಪ್‌ಶೈರಿನ ಒಂದು ದ್ವೀಪದಂತೆ ಉಳಿಯಿತು. ಹೆಸರಿನ ‘ಓವನ್’ ಒಬ್ಬ ವೆಲ್ಷ್ ರಾಜಕುಮಾರ. ಅವನ ತಾಯಿ ಎಮ್ಮಾ ಎರಡನೆಯ ಹೆನ್ರಿ ರಾಜನ ಮಲಸಹೋದರಿ. ಇರಲಿ.

ಇಲ್ಲಿನ ಚರ್ಚು ಹನ್ನೆರಡನೆಯ ಶತಮಾನದ್ದು, ಆ ಕಾಲಕ್ಕೆ ದೊಡ್ಡದೇ. ಚಾನ್ಸೆಲ್‌ನಲ್ಲಿ ನಾರ್ಮನ್ ಕೆಲಸ ಇಂದಿಗೂ ಇದೆ. ಪಶ್ಚಿಮದ ತುದಿಯಲ್ಲೂ ಇದೆ. ನಡುವಿನ ನೇವ್ ಮಾತ್ರ ಮುಂದಿನ ಶತಮಾನಗಳಲ್ಲಿ ಚೂಪು ಕಮಾನುಗಳಾಗಿ ಬದಲಾಯಿತು. ಎಲ್ಲಕ್ಕಿಂತ ವಿಚಿತ್ರವೆಂದರೆ ಗೋಪುರ. ಇಂಗ್ಲೆಂಡಿನ ಪ್ಯಾರಿಷ್ ಚರ್ಚಿನಲ್ಲಿ ಗೋಪುರ ಸಾಮಾನ್ಯವಾಗಿ ಪಶ್ಚಿಮದ ತುದಿಯಲ್ಲಿರುತ್ತದೆ, ಇಲ್ಲವೇ ನೇವ್ ಮತ್ತು ಚಾನ್ಸೆಲ್ ಸೇರುವ ಕಡೆ. ಹೇಲ್ಸ್‌ಓವನ್ನಿನ ಗೋಪುರ ನೇವ್‌ನ ಹೊಟ್ಟೆಯೊಳಗಿಂದಲೇ ಎದ್ದಿದೆ. ಅದರ ಹಿಂದೆಯೂ ಮುಂದೆಯೂ ಹಜಾರ. ಮೊದಲ ಸಲ ಒಳಗೆ ಹೋದವರಿಗೆ ದಾರಿಯಲ್ಲಿ ನಾಲ್ಕು ದಪ್ಪ ಕಂಬಗಳು ಅಡ್ಡ ನಿಂತಂತೆ ಅನಿಸುತ್ತದೆ. ಆ ಗೋಪುರ ಮತ್ತು ಶಿಖರ ಹದಿನೈದನೆಯ ಶತಮಾನದವು. ಹಳೆಯ ಚಾನ್ಸೆಲ್, ಹೊಸ ನೇವ್, ಇನ್ನೂ ಹೊಸ ಗೋಪುರ. ಏಕೆ?

ಉತ್ತರಕ್ಕಾಗಿ ಮುಕ್ಕಾಲು ಮೈಲಿಯಾಚೆ, ಈಗ ಹೊಲಗಳ ನಡುವೆ ಪಾಳುಬಿದ್ದಿರುವ ಹೇಲ್ಸ್‌ಓವನ್ ಮಠಕ್ಕೆ ಹೋಗಬೇಕು. ಕಿಂಗ್ ಜಾನ್ ಈ ಊರನ್ನೇ ವಿಂಚೆಸ್ಟರ್ ಬಿಷಪ್ ಪೀಟರ್ ಡೆ ರೋಶ್‌ಗೆ ಮಠ ಕಟ್ಟಲು ಬಿಟ್ಟುಕೊಟ್ಟ. ಅದು ಮ್ಯಾಗ್ನಾ ಕಾರ್ಟಾದ ಆಸುಪಾಸಿನ ಮಾತು, ಅಂದರೆ 1215ರ ಸುಮಾರು. ಬಿಳಿ ನಿಲುವಂಗಿ ತೊಡುವ ಪ್ರೆಮಾನ್‌ಸ್ಟ್ರಾಟೆನ್ಸಿಯನ್ ಪಂಗಡದವರು 1218ರಲ್ಲಿ ಬಂದು ನೆಲೆಸಿದರು. ಮಠಾಧಿಪತಿ ಊರಿನ ಜಮೀನ್ದಾರ ಆದ. ಅದೇ ಶತಮಾನದಲ್ಲಿ ಊರ ಚರ್ಚಿನ ಆದಾಯವೂ ಮಠಕ್ಕೆ ಸೇರಿತು. ಅಂದರೆ ಚರ್ಚಿನ ರೆಕ್ಟರ್ ಮಠವೇ! ಹತ್ತನೆಯ ಪಾಲಿನ ದೊಡ್ಡ ಭಾಗ ಮಠಕ್ಕೆ. ಪೂಜೆ ಮಾಡಲು ಒಬ್ಬ ವಿಕಾರ್. ವಿಕಾರ್ ಎಂಬ ಮಾತಿಗೆ ‘ಬದಲಿಯವನು’ ಎಂದೇ ಅರ್ಥ. ನಮ್ಮ ಆಸ್ಪತ್ರೆ ಭಾಷೆಯಲ್ಲಿ ಲೋಕಂ ಡಾಕ್ಟರು ಎನ್ನಿ.

ಈ ಮಠಕ್ಕೂ ರೈತರಿಗೂ ಆಗಲಿಲ್ಲ. ಕೂಲಿ ಬೇಗಾರಿ, ಕಂದಾಯ, ಮಗಳ ಮದುವೆಗೆ ತೆರಿಗೆ, ಮಠದ ಗಿರಣಿಯಲ್ಲೇ ಹಿಟ್ಟು ಬೀಸಬೇಕೆಂಬ ಕಟ್ಟಳೆ, ಎಲ್ಲದಕ್ಕೂ ಜಗಳ. ನಾವು ಹಿಂದೆ ರಾಜನ ನೇರ ಒಕ್ಕಲಾಗಿದ್ದವರು, ಮಠಾಧಿಪತಿ ಹೊಸ ಹೊರೆ ಹೇರುವಂತಿಲ್ಲ ಎಂದು ರೈತರು ರಾಜನ ನ್ಯಾಯಾಲಯದವರೆಗೆ ಹೋದರು. ಮೊದಲನೆಯ ಎಡ್ವರ್ಡ್‌ನ ಕಾಲದಲ್ಲಿ, 1270ರ ದಶಕದಲ್ಲಿ, ಅವರು ಸೋತರು. ಅವರು ಜೀತದವರೇ ಎಂದು ತೀರ್ಪಾಯಿತು. ಈಗ ಯೋಚಿಸಿ, ಭಾನುವಾರ ಆ ರೈತ ನೇವ್‌ನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಜಾಲರಿಯಾಚೆ ಕಾಣುವುದು ಯಾರ ಕೋಣೆ? ವಾರವಿಡೀ ತನ್ನ ಮೇಲೆ ದಾವೆ ನಡೆಸಿದ ಜಮೀನ್ದಾರನ ಕೋಣೆ. ಮಠ ತನ್ನ ದುಡ್ಡನ್ನು ತನ್ನ ಸ್ವಂತ ಕಟ್ಟಡಕ್ಕೆ ಸುರಿಯಿತು. ಪಾಳುಬಿದ್ದ ಗೋಡೆಯಲ್ಲಿ ಇಂದಿಗೂ ಉಳಿದ ಈಟಿಮೊನೆ ಕಿಟಕಿಗಳನ್ನು ನೋಡಿದರೆ ಅದರ ವೈಭವ ಗೊತ್ತಾಗುತ್ತದೆ. ಊರ ಚರ್ಚಿನ ಚಾನ್ಸೆಲ್ ಅದಕ್ಕೆ ಕೇವಲ ಒಂದು ಬಾಧ್ಯತೆ, ಸೋರದಿದ್ದರೆ ಸಾಕು. ನಾರ್ಮನ್ ಕಲ್ಲು ಅಲ್ಲಿ ಉಳಿದಿರುವುದಕ್ಕೆ ಇದೇ ಕಾರಣವೆಂದು ನನ್ನ ತರ್ಕ. ಈ ದೇಶದಲ್ಲಿ ಮಠಗಳಿಗೆ ಸೇರಿದ್ದ ಊರಚರ್ಚುಗಳಲ್ಲಿ ಇಂಥ ಹಳೆಯ ಚಾನ್ಸೆಲ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಜಿಪುಣತನದಿಂದ ಇತಿಹಾಸಕ್ಕೆ ಉಪಕಾರವಾಗುವುದೂ ಉಂಟು.

ಊರವರು ತಮ್ಮ ಭಾಗವನ್ನು ಹಾಗೆ ಬಿಡಲಿಲ್ಲ. ಅವರಿಗೆ ನೇವ್ ಪೂಜೆಗಷ್ಟೇ ಅಲ್ಲ. ಮಧ್ಯಯುಗದ ಹಳ್ಳಿಯಲ್ಲಿ ಇದಕ್ಕಿಂತ ದೊಡ್ಡ ಸೂರು ಸಾರ್ವಜನಿಕರಿಗೆ ಇರಲಿಲ್ಲ. ಆಗ ಬೆಂಚುಗಳೂ ಕಡಿಮೆ, ಜನ ನಿಂತೇ ಇರುತ್ತಿದ್ದರು. ಗೋಡೆಯುದ್ದ ಕಲ್ಲಿನ ಜಗಲಿಯಲ್ಲಿ ಮುದುಕರು ಕೂರುತ್ತಿದ್ದರು. ಸಭೆ, ಹಬ್ಬದ ಊಟ ಎಲ್ಲಾ ಅಲ್ಲೇ. ಬಾಗಿಲ ಮುಂದಿನ ಪೋರ್ಚಿನಲ್ಲಿ ಮದುವೆಯ ಮೊದಲ ಶಾಸ್ತ್ರ, ಸಾಲದ ಮಾತುಕತೆ. ನಮ್ಮ ಹಳ್ಳಿಯ ಗುಡಿಜಗಲಿಯಲ್ಲಿ ಪಂಚಾಯಿತಿ ಕೂತಂತೆ.

ಆಮೇಲೆ ಬಂದದ್ದು 1349. ಬ್ಲ್ಯಾಕ್ ಡೆತ್, ಪ್ಲೇಗು. ಹೇಲ್ಸ್‌ಓವನ್ ಈ ವಿಷಯದಲ್ಲಿ ವಿದ್ವಾಂಸರ ನಡುವೆ ಹೆಸರಾದ ಊರು. ಏಕೆಂದರೆ ಮಠದ ನ್ಯಾಯಪಂಚಾಯಿತಿಯ ದಾಖಲೆ ಸುರುಳಿಗಳು 1270ರಿಂದ ಉಳಿದಿವೆ. ರೈತ ಸತ್ತರೆ ಜಮೀನು ಕೈಬದಲಾಗುವಾಗ ಹೆಸರು ಬರೆಯುತ್ತಿದ್ದರು, ನಮ್ಮ ಡೆತ್ ಸರ್ಟಿಫಿಕೇಟಿನಂತೆಯೇ. ಇಸ್ರೇಲಿನ ಇತಿಹಾಸಕಾರ ಜ್ವಿ ರಾಜಿ ಈ ಸುರುಳಿಗಳನ್ನು ಹೆಸರು ಹೆಸರಾಗಿ ಜೋಡಿಸಿ 1980ರಲ್ಲಿ ಪುಸ್ತಕ ಬರೆದರು. ಅವರ ಲೆಕ್ಕದಲ್ಲಿ ಆ ಬೇಸಿಗೆಯ ಕೆಲವೇ ತಿಂಗಳಲ್ಲಿ ಊರಿನ ವಯಸ್ಕ ಗಂಡಸರಲ್ಲಿ ನೂರಕ್ಕೆ ನಲವತ್ತಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿ ಸತ್ತರು. ನಾನು ವೈದ್ಯನಾಗಿ ಎಷ್ಟೋ ಅಂಕಿಗಳನ್ನು ಓದಿದ್ದೇನೆ, 2020ರ ವಾರ್ಡುಗಳನ್ನೂ ನೋಡಿದ್ದೇನೆ. ಈ ನಲವತ್ತು ಎಂಬುದನ್ನು ಮನಸ್ಸಿಗೆ ತಂದುಕೊಳ್ಳಲು ನನಗೆ ಆಗುವುದಿಲ್ಲ.

ಆದರೆ ಉಳಿದವರಿಗೆ ಜಮೀನು ಸಿಕ್ಕಿತು, ಕೂಲಿ ಏರಿತು, ಮುಂದಿನ ನೂರು ವರ್ಷಗಳಲ್ಲಿ ಜೀತ ತಾನಾಗಿಯೇ ಸವೆದುಹೋಯಿತು. ಜನ ಕಡಿಮೆಯಾದ ದೇಶದಲ್ಲಿ ಚರ್ಚಿನ ಗೋಪುರಗಳು ಎತ್ತರವಾದವು. ಹೇಲ್ಸ್‌ಓವನ್ನಿನ ಶಿಖರ ಆ ಕಾಲದ ಬೆಳೆ. ಪ್ಲೇಗಿನಿಂದಲೇ ಪರ್ಪೆಂಡಿಕ್ಯುಲರ್ ಶೈಲಿ ಹುಟ್ಟಿತು, ಒಳ್ಳೆಯ ಶಿಲ್ಪಿಗಳೆಲ್ಲ ಸತ್ತಿದ್ದರಿಂದ ಸರಳ ಗೆರೆಗಳು ಬಂದವು ಎಂದು ಕೆಲವರು ಹೇಳುವುದುಂಟು. ಇದನ್ನು ಒಪ್ಪಬೇಡಿ. ಗ್ಲಾಸ್ಟರ್‌ನಲ್ಲಿ ಆ ಶೈಲಿ 1330ರ ದಶಕದಲ್ಲೇ ಕಾಣುತ್ತದೆ. ಎರಡು ಸಂಗತಿ ಒಟ್ಟಿಗೆ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ.

ಊರವರ ದುಡ್ಡನ್ನು ನೋಡಿಕೊಳ್ಳುತ್ತಿದ್ದವರು ಚರ್ಚ್‌ವಾರ್ಡನ್‌ಗಳು. ಸಾಮಾನ್ಯವಾಗಿ ಇಬ್ಬರು, ವರ್ಷಕ್ಕೊಮ್ಮೆ ಊರವರೇ ಆರಿಸುತ್ತಿದ್ದರು. ಹೆಚ್ಚಿನವರು ಸಾಧಾರಣ ರೈತರು, ಕುಶಲಕರ್ಮಿಗಳು. ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕು. ನಮ್ಮ ಸಂಘದ ಖಜಾಂಚಿಗಳು ವಾರ್ಷಿಕ ಸಭೆಯಲ್ಲಿ ಪಡುವ ಪಾಡು ಹೊಸದೇನಲ್ಲ! ದುಡ್ಡು ಎತ್ತುವ ದಾರಿಯೂ ನಮಗೆ ಪರಿಚಿತವೇ: ಚರ್ಚಿನ ಹೆಸರಿನಲ್ಲಿ ಬಿಯರ್ ಕಾಯಿಸಿ, ಊರಿಗೆಲ್ಲ ಔತಣವಿಟ್ಟು, ಮಾರಿ ಬಂದ ಲಾಭವನ್ನು ಸೂರಿಗೆ ಹಾಕುವುದು. ನಾವು ದೀಪಾವಳಿ ಊಟದ ಟಿಕೆಟ್ ಮಾರುತ್ತೇವೆ, ಅವರು ಬಿಯರ್ ಮಾರಿದರು.

ಹೇಲ್ಸ್‌ಓವನ್ನಿನ ವಾರ್ಡನ್‌ಗಳ ಲೆಕ್ಕಪುಸ್ತಕ 1487ರಿಂದ 1582ರವರೆಗಿನದು ಉಳಿದಿದೆ, ಅಚ್ಚಾಗಿಯೂ ಇದೆ. ಅದರಲ್ಲಿ 1500ರ ಆಸುಪಾಸಿನ ಒಂದು ಬಾಬ್ತು ಆರ್ಗನ್ ರಿಪೇರಿಗೆ ಬರ್ಮಿಂಗ್‌ಹ್ಯಾಮಿನ ಆರ್ಗನ್ ಕುಶಲಿಗನಿಗೆ ಕೊಟ್ಟ ಹಣ. ಬರ್ಮಿಂಗ್‌ಹ್ಯಾಮ್ ಆಗ ಒಂದು ಸಂತೆಯೂರು, ಆದರೂ ಅಲ್ಲೊಬ್ಬ ಆರ್ಗನ್ ಮಾಡುವವನಿದ್ದ ಎಂದು ನಮಗೆ ತಿಳಿಯುವುದು ಈ ಖರ್ಚಿನಿಂದ. ನಮ್ಮಲ್ಲಾದರೆ ಇಂಥದ್ದನ್ನು ಶಾಸನದಲ್ಲಿ ಹುಡುಕುತ್ತೇವೆ. ಸೋಮನಾಥಪುರದ ಗುಡಿಯನ್ನು 1258ರಲ್ಲಿ ದಂಡನಾಯಕ ಸೋಮನಾಥ ಕಟ್ಟಿಸಿದ ಎಂದು ಬಾಗಿಲಲ್ಲೇ ಕಲ್ಲು ಹೇಳುತ್ತದೆ. ಮಲ್ಲಿತಮ್ಮನೆಂಬ ಶಿಲ್ಪಿ ವಿಗ್ರಹದ ಪೀಠದಲ್ಲಿ ತನ್ನ ಹೆಸರು ಕೊರೆದಿದ್ದಾನೆ. ಇಂಗ್ಲೆಂಡಿನ ಊರಚರ್ಚಿನ ಗೋಡೆ ಇಷ್ಟು ಮಾತಾಡುವುದಿಲ್ಲ. ಹೇಲ್ಸ್‌ಓವನ್ನಿನ ಶಿಖರ ಕಟ್ಟಿದ ಮೇಸ್ತ್ರಿಯ ಹೆಸರನ್ನು ಯಾವ ಕಲ್ಲೂ ಹೇಳದು. ಒಬ್ಬ ದಂಡನಾಯಕ ಕಟ್ಟಿಸಿದ್ದಕ್ಕೆ ಒಂದು ಹೆಸರಿರುತ್ತದೆ; ಮುನ್ನೂರು ವರ್ಷ ಇಡೀ ಊರು ಕಟ್ಟಿದ್ದಕ್ಕೆ ಲೆಕ್ಕಪುಸ್ತಕ ಇರುತ್ತದೆ.

ಆ ಪುಸ್ತಕದ ಕಾಲಾವಧಿಯಲ್ಲೇ ಎಲ್ಲಾ ತಲೆಕೆಳಗಾಯಿತು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿದ. 1538ರ ಜೂನ್‌ನಲ್ಲಿ ಹೇಲ್ಸ್‌ಓವನ್ ಮಠ ಶರಣಾಯಿತು. ಆಸ್ತಿ ಸರ್ ಜಾನ್ ಡಡ್ಲಿಗೆ ಹೋಯಿತು, ಮುಂದೆ ಹ್ಯಾಗ್ಲಿಯ ಲಿಟಲ್‌ಟನ್ ಮನೆತನಕ್ಕೆ. ಮುನ್ನೂರು ವರ್ಷ ಊರನ್ನು ಆಳಿದ ಮಠ ದನದ ಕೊಟ್ಟಿಗೆಯ ಪಕ್ಕದ ಗೋಡೆಯಾಯಿತು. ಅಲ್ಲಿ ಚೆನ್ನಾಗಿ ಉಳಿದಿರುವ ಒಂದು ಬಿಡಿ ಕಟ್ಟಡ ಮಠಾಧಿಪತಿಯ ಮನೆಯೋ ರೋಗಿಗಳ ಶುಶ್ರೂಷಾಗೃಹವೋ ಆಗಿರಬೇಕೆನ್ನುತ್ತಾರೆ. ಎರಡನೆಯದಾಗಿರಲಿ ಎಂದು ನನ್ನ ಆಸೆ.

ಊರ ಚರ್ಚು ಮಾತ್ರ ನಿಂತಿತು. ಹೆಚ್ಚು ಗಟ್ಟಿಯಾಗಿತ್ತೆಂದಲ್ಲ, ಹೆಚ್ಚು ಪವಿತ್ರವಾಗಿತ್ತೆಂದೂ ಅಲ್ಲ. ಮಠಕ್ಕೆ ಯಜಮಾನನಿದ್ದದ್ದು ಒಬ್ಬನೇ, ಅವನು ಹೋದೊಡನೆ ಸೀಸದ ಮಾಡನ್ನು ಬಿಚ್ಚಿ ಮಾರಬಹುದಾಗಿತ್ತು. ಚರ್ಚಿನ ನೇವ್ ಊರಿನದು, ಅದನ್ನು ಕಿತ್ತರೆ ಮದುವೆ, ಮಣ್ಣು ಎಲ್ಲಿ? ಹಾಗೆಂದು ನಷ್ಟವಾಗದೆ ಇರಲಿಲ್ಲ. 1547ರ ನಂತರ ಆರನೆಯ ಎಡ್ವರ್ಡ್‌ನ ಆಜ್ಞೆಯಂತೆ ದೇಶದುದ್ದಕ್ಕೂ ವಿಗ್ರಹಗಳು ಇಳಿದವು, ಗೋಡೆಯ ಚಿತ್ರಗಳ ಮೇಲೆ ಸುಣ್ಣ ಬಿತ್ತು. 1553ರಲ್ಲಿ ಮೇರಿ ರಾಣಿ ಬಂದಾಗ ಮತ್ತೆ ನಿಲ್ಲಿಸಿ ಎಂದಳು, 1559ರಲ್ಲಿ ಎಲಿಜಬೆತ್ ಮತ್ತೆ ತೆಗೆಯಿರಿ ಎಂದಳು. ಪ್ರತಿ ಸಲವೂ ವಾರ್ಡನ್‌ಗಳು ಬಡಗಿಗೆ ಕೂಲಿ ಕೊಡಬೇಕು. ಸ್ಟ್ರಾಟ್‌ಫರ್ಡಿನ ಗಿಲ್ಡ್ ಚಾಪೆಲ್ಲಿನಲ್ಲಿ ಚಿತ್ರಗಳನ್ನು ಕೆಡಿಸಲು ಎರಡು ಶಿಲ್ಲಿಂಗ್ ಕೊಟ್ಟದ್ದು 1564ರ ಆರಂಭದ ಪಟ್ಟಣದ ಲೆಕ್ಕದಲ್ಲಿದೆ. ಆ ಲೆಕ್ಕ ಬರೆಸಿದ ಅಧಿಕಾರಿಗಳಲ್ಲಿ ಒಬ್ಬ ಜಾನ್ ಷೇಕ್ಸ್‌ಪಿಯರ್, ಅದೇ ವರ್ಷ ಏಪ್ರಿಲ್‌ನಲ್ಲಿ ಹುಟ್ಟಲಿದ್ದ ಕವಿಯ ತಂದೆ. ಸುಣ್ಣ ಬಳಿದದ್ದರಿಂದಲೇ ಚಿತ್ರಗಳು ಬದುಕಿ 1804ರಲ್ಲಿ ಮತ್ತೆ ಬೆಳಕು ಕಂಡವು.

ಇನ್ನು ಸಾಲಿಸಿಟರ್ ಬಿಲ್ಲು. ಮಠಗಳು ಮುಚ್ಚಿದಾಗ ಅವುಗಳ ರೆಕ್ಟರ್ ಪಟ್ಟ ಸಾಯಲಿಲ್ಲ, ಜಮೀನು ಕೊಂಡವರ ಹೆಗಲಿಗೆ ಹೋಯಿತು. ಹತ್ತನೆಯ ಪಾಲಿನ ಜೊತೆ ಚಾನ್ಸೆಲ್ ರಿಪೇರಿಯ ಹೊರೆಯೂ ಹೋಯಿತು. ನೇವ್‌ನ ಕಡೆಯ ಹೊರೆ, ಊರವರೆಲ್ಲ ಕಡ್ಡಾಯವಾಗಿ ಕೊಡಬೇಕಿದ್ದ ಚರ್ಚ್ ತೆರಿಗೆ, 1868ರಲ್ಲಿ ರದ್ದಾಯಿತು. ಚಾನ್ಸೆಲ್‌ನ ಹೊರೆ ರದ್ದಾಗಲಿಲ್ಲ. ಜಮೀನು ಹೋಳಾಗಿ ಮಾರಾಟವಾದಂತೆ ಅದೂ ಕಾಗದಗಳೊಳಗೆ ಅಡಗಿ ಕುಳಿತಿತು. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಒಂದು ರೈತ ದಂಪತಿಗೆ ಇದು ಗೊತ್ತಾದ ರೀತಿ ಭಯಂಕರ. 1743ರಲ್ಲಿ ಊರ ಬಯಲನ್ನು ಹಂಚಿದಾಗ ಹತ್ತನೆಯ ಪಾಲಿನ ಬದಲು ರೆಕ್ಟರ್‌ಗೆ ಕೊಟ್ಟ ಒಂದು ಹೊಲ ಅವರ ತೋಟಕ್ಕೆ ಸೇರಿತ್ತು. ಅದರಿಂದಾಗಿ ಅಲ್ಲಿನ ಮಧ್ಯಯುಗದ ಚಾನ್ಸೆಲ್ ರಿಪೇರಿ ಅವರದೇ ಎಂದು ಚರ್ಚಿನ ಕೌನ್ಸಿಲ್ ಹೇಳಿತು. ದಾವೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2003ರಲ್ಲಿ ದಂಪತಿ ಸೋತರು. 2007ರಲ್ಲಿ ನ್ಯಾಯಾಲಯ ನಿಗದಿ ಮಾಡಿದ ರಿಪೇರಿ ವೆಚ್ಚವೇ 1,86,000 ಪೌಂಡಿಗೂ ಹೆಚ್ಚು. ವಕೀಲರ ಖರ್ಚು ಬೇರೆ. ಆಮೇಲಿಂದ ಸಾಲಿಸಿಟರ್‌ಗಳು ಎಲ್ಲರ ಮನೆಗೂ ಚಾನ್ಸೆಲ್ ಸರ್ಚ್ ಮಾಡಿಸತೊಡಗಿದರು. 2013ರ ಅಕ್ಟೋಬರ್ 13ರೊಳಗೆ ಚರ್ಚುಗಳು ಈ ಹಕ್ಕನ್ನು ಭೂನೋಂದಣಿಯಲ್ಲಿ ದಾಖಲಿಸಬೇಕೆಂಬ ನಿಯಮ ಬಂದ ಮೇಲೆ ಭಯ ಬಹಳ ತಗ್ಗಿದೆ, ಆದರೂ ಸರ್ಚ್ ಪೂರ್ತಿ ನಿಂತಿಲ್ಲ.

ಆ ರೈತ ದಂಪತಿಗೆ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಹಳೆಯ ಪದ್ಧತಿ ಕೇಳಿದ ಪ್ರಶ್ನೆ ಸುಳ್ಳಲ್ಲ. ನಮ್ಮಲ್ಲಿ ಜೀರ್ಣೋದ್ಧಾರ ಎಂಬ ಒಳ್ಳೆಯ ಮಾತಿದೆ. ಕಟ್ಟಿಸಿದವನಿಗಿಂತ ಜೀರ್ಣೋದ್ಧಾರ ಮಾಡಿದವನಿಗೆ ಪುಣ್ಯ ಹೆಚ್ಚು ಎಂದು ಹಿರಿಯರು ಹೇಳುತ್ತಿದ್ದರು. ಟಿವಿಡೇಲ್‌ನ ದೇವಸ್ಥಾನಕ್ಕೆ ನಮ್ಮಲ್ಲಿ ಎಷ್ಟೋ ಮಂದಿ ಕೈಲಾದ ಕಾಣಿಕೆ ಕೊಟ್ಟಿದ್ದೀರಿ. ನೂರೈವತ್ತು ವರ್ಷದ ಮೇಲೆ ಈ ಮಳೆಗೆ ಆ ಗೋಪುರದಲ್ಲಿ ಬಿರುಕು ಬಿಟ್ಟರೆ ಗಾರೆ ಕಲಸುವವರು ಯಾರ ಮೊಮ್ಮಕ್ಕಳು? ಸಭೆಯಲ್ಲಿ ಈ ಮಾತೆತ್ತಿದರೆ “ಈಗಲೇ ಯಾಕೆ ಡಾಕ್ಟ್ರೇ” ಎನ್ನುತ್ತಾರೆ. ಹೇಲ್ಸ್‌ಓವನ್ನಿನವರು 1487ರಲ್ಲೇ ಲೆಕ್ಕ ಬರೆದಿಟ್ಟಿದ್ದರು.

ನೋಡಲು ಹೋಗುವವರಿಗೆ ಒಂದೆರಡು ಸೂಚನೆ. ಚರ್ಚಿನ ಹೊರಗೆ ಒಂದು ಸುತ್ತು, ನಮ್ಮಂತೆ ಪ್ರದಕ್ಷಿಣೆಯಾಗಿಯೇ, ಹಾಕಿ. ಕಿಟಕಿಗಳ ಆಕಾರ ಬದಲಾಗುವ ಕಡೆ ನಿಂತು ನೋಡಿ. ದಕ್ಷಿಣದ ಹೊರ ಐಲ್ ಹಳೆಯದೆಂದು ಮೋಸಹೋಗಬೇಡಿ, ಅದು 1883ರದು. ಅಂಗಳದಲ್ಲಿ 1763ರಲ್ಲಿ ತೀರಿಕೊಂಡ ಕವಿ ವಿಲಿಯಂ ಶೆನ್‌ಸ್ಟನ್‌ನ ಸಮಾಧಿ ಇದೆ. ಮಕ್ಕಳು ಜೊತೆಗಿದ್ದರೆ ರಾಮ್ಸ್‌ಲಿಯ ಸೇಂಟ್ ಕೆನೆಲ್ಮ್ ಚರ್ಚಿಗೂ ಹೋಗಿ. ಅದು ಹಿಂದೆ ಹೇಲ್ಸ್‌ಓವನ್ನಿಗೆ ಸೇರಿದ ಚಿಕ್ಕ ಗುಡಿ. ಕ್ಲೆಂಟ್ ಗುಡ್ಡದ ಇಳಿಜಾರಿನಲ್ಲಿದೆ. ದಕ್ಷಿಣದ ಬಾಗಿಲ ಮೇಲೆ ಸಿಂಹಾಸನದ ಕ್ರಿಸ್ತ, ಎರಡು ಪಕ್ಕ ದೇವದೂತರು, ನಾರ್ಮನ್ ಕೆತ್ತನೆ. ಚರ್ಚಿನ ಪೂರ್ವಕ್ಕೆ, ನೆಲದಡಿಯಿಂದ ಬರುವ ಒಂದು ಬುಗ್ಗೆ. ನಮ್ಮವರಿಗೆ ತೀರ್ಥವೆಂದರೇನು ಎಂದು ಬೇರೆ ಹೇಳಬೇಕಿಲ್ಲ.

ಕೊನೆಯದಾಗಿ ರಿಕ್‌ಮನ್. ಆತ ನಂತರ ಬರ್ಮಿಂಗ್‌ಹ್ಯಾಮಿಗೇ ಬಂದು ಆರ್ಕಿಟೆಕ್ಟ್ ಆಗಿ ನೆಲೆಸಿದ, 1822ರಲ್ಲಿ ಇಲ್ಲಿ ಸೇಂಟ್ ಜಾರ್ಜ್ ಚರ್ಚನ್ನು ತನ್ನ ಪುಸ್ತಕದ ಪಾಠದಂತೆಯೇ ಕಟ್ಟಿ ಮುಗಿಸಿದ, 1841ರಲ್ಲಿ ತೀರಿಕೊಂಡಾಗ ಅದರ ಅಂಗಳದಲ್ಲೇ ಅವನನ್ನು ಹೂಳಿದರು. ಆ ಚರ್ಚನ್ನು 1960ರಲ್ಲಿ ಕೆಡವಿದರು. ನ್ಯೂಟೌನ್‌ನ ಹುಲ್ಲಿನ ಬಯಲಿನಲ್ಲಿ ಈಗ ಅವನ ಕಲ್ಲಿನ ಸಮಾಧಿ ಮಾತ್ರ ನಿಂತಿದೆ. ಅದರ ಕಮಾನುಗಳು ಯಾವ ಶೈಲಿಯವೆಂದು ನೀವೇ ಹೋಗಿ ನೋಡಿ ಹೇಳಬಹುದು.